ಗೌರಿ ಹಬ್ಬದ ಮಾತ್ರೆ: ‘ಅಜ್ಜಿ ಮನೆ’ ಗ್ರೂಪಿನಲ್ಲಿ ಒಂದು ರಾತ್ರಿ

ಗೌರಿ ಹಬ್ಬಕ್ಕೆ 9 ದಿನ ಇರುವಾಗ ನಮ್ಮ ‘ಅಜ್ಜಿ ಮನೆ’ ಗ್ರೂಪಿನಲ್ಲಿ ನಡೆದ ಮಾತು ಇದು. ಎಲ್ಲರನ್ನೂ ಕೇಳಿಯೇ ಹಾಕುತ್ತಿದ್ದೇನೆ. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ಬಸ್ ಟಿಕೆಟ್ಟು, ಕಡುಬಿನ ಲೆಕ್ಕ ಬಿಟ್ಟಿದ್ದೇನೆ. ದೊಡ್ಡಮ್ಮ ಹಾಸನದಲ್ಲಿದ್ದಾರೆ, ಹಬ್ಬ ಅವರ ಮನೆಯಲ್ಲೇ. ಬೆಂಗಳೂರು ಅಕ್ಕ ಅವರ ಮಗಳು. ಅತ್ತಿಗೆ ಅವರ ಸೊಸೆ, ತವರು ಧಾರವಾಡ. ಮಾವ ಅವರ ತಮ್ಮ. ಪುಟ್ಟಿ ಅಕ್ಕನ ಮಗಳು, ಒಂಬತ್ತನೇ ಕ್ಲಾಸು, ಗ್ರೂಪಿನಲ್ಲಿ ಇಲ್ಲ. ಮುಂದೆ ‘ತಮ್ಮ’ ಅಂತ ಇರುವುದು ನನ್ನ ತಮ್ಮ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ.

ದೊಡ್ಡಮ್ಮ: (ಫಾರ್ವರ್ಡ್) ಹೆಣ್ಣುಮಕ್ಕಳೇ ಗಮನಿಸಿ! ಹಬ್ಬದ ದಿನವೇ ಮುಟ್ಟು ಬರುವ ಚಿಂತೆಯೇ? 5 ಮಿಲಿಗ್ರಾಂ ನಾರೆಥಿಸ್ಟೆರೋನ್ ಮಾತ್ರೆ, ದಿನಕ್ಕೆ 3. ಯಾವ ವಯಸ್ಸಿನವರೂ ತೆಗೆದುಕೊಳ್ಳಬಹುದು. ರಕ್ತ ಒಳಗೇ ಕರಗಿ ಹೋಗುತ್ತದೆ. ಸೈಡ್ ಎಫೆಕ್ಟ್ ಸೊನ್ನೆ. ನಿಮ್ಮ ಅಕ್ಕತಂಗಿಯರಿಗೂ ಕಳಿಸಿ.

ದೊಡ್ಡಮ್ಮ: ನೋಡಿದೆಯಾ ಮಗಳೇ? ನೀನೂ ತೊಗೊ, ಪುಟ್ಟಿಗೂ ಶುರು ಮಾಡು. ಈ ಸಲ ಗೌರಿ ಮುಂದೆ ಕೂತು ಅವಳೇ ಹಾಡಬೇಕು. ಹೋದ ವರ್ಷ ಪಾಪ ರೂಮಿನಲ್ಲೇ ಕೂತಿತ್ತು ಮಗು.

ಬೆಂಗಳೂರು ಅಕ್ಕ: ಆಗಲೇ ತಂದಿಟ್ಟಿದ್ದೇನೆ ಅಮ್ಮಾ, ಎರಡು ಶೀಟು. ಅವಳ ಡೇಟಿನ ಲೆಕ್ಕವೇ ಸಿಗುತ್ತಿಲ್ಲ. ಹೋದ ಸಲ 24 ದಿನಕ್ಕೆ ಬಂತು. ಅದಕ್ಕೂ ಮೊದಲು 41 ದಿನ. ನಾಳೆ ಬೆಳಿಗ್ಗೆಯಿಂದಲೇ ಕೊಟ್ಟುಬಿಡುತ್ತೇನೆ.

ನಾನು: ಅಕ್ಕ, ದಯವಿಟ್ಟು ಕೊಡಬೇಡ. ಅಡುಗೆ ಮುಗಿಸಿ ಬಂದು ಬರೆಯುತ್ತೇನೆ. ಅಲ್ಲಿಯವರೆಗೆ ಒಂದು ಮಾತ್ರೆಯೂ ಬೇಡ.

ಮಾವ: (ಫಾರ್ವರ್ಡ್) ಎಚ್ಚರ! ಮುಟ್ಟು ಮುಂದಕ್ಕೆ ಹಾಕುವ ಮಾತ್ರೆ ತಿಂದರೆ ಕೆಟ್ಟ ರಕ್ತ ಗರ್ಭಕೋಶದಲ್ಲೇ ನಿಂತು ಗಡ್ಡೆಯಾಗುತ್ತದೆ. ಮುಂದೆ ಮಕ್ಕಳಾಗುವುದೇ ಇಲ್ಲ.

ಮಾವ: ಇದನ್ನೂ ಓದಿ. ಸುಮ್ನೆ ಮಾತ್ರೆ ನುಂಗಬೇಡಿ.

ದೊಡ್ಡಮ್ಮ: ನಾವೆಲ್ಲ ತಿಂದವರೇ ಕಣೋ. ಯಾರಿಗೂ ಗಡ್ಡೆ ಆಗಿಲ್ಲ. ಹೆಂಗಸರ ವಿಷಯಕ್ಕೆ ನೀನ್ಯಾಕೆ ಬರುತ್ತೀಯ?

ಮಾವ: ಅದೇ ನಾನೂ ಹೇಳುವುದು. ಗಂಡಸರೂ ಇರುವ ಗ್ರೂಪು ಇದು. ಇಲ್ಲಿ ಈ ಮಾತು ಬೇಡ ಅಕ್ಕ.

ನಾನು: ಇಲ್ಲೇ ಬೇಕು ಮಾವ. ಎರಡೂ ಫಾರ್ವರ್ಡ್ ಇಲ್ಲೇ ಬಂದಿವೆ, ಉತ್ತರವೂ ಇಲ್ಲೇ ಬರಲಿ. ಎರಡೂ ತಪ್ಪು. ಇನ್ನೂ ಹೇಳಬೇಕು ಅಂದರೆ ಎರಡರ ತಪ್ಪೂ ಒಂದೇ. ದೊಡ್ಡಮ್ಮನ ಮೆಸೇಜು ರಕ್ತ ಒಳಗೆ ಕರಗುತ್ತದೆ ಅನ್ನುತ್ತದೆ. ನಿಮ್ಮದು ರಕ್ತ ಒಳಗೆ ನಿಲ್ಲುತ್ತದೆ ಅನ್ನುತ್ತದೆ. ಹೊರಗೆ ಬರಲು ಕಾಯುತ್ತಾ ಒಳಗೆ ತುಂಬಿಕೊಂಡ ರಕ್ತ ಅಂತ ಒಂದು ಇಲ್ಲವೇ ಇಲ್ಲ. ಕೆಟ್ಟ ರಕ್ತ ಅಂತಲೂ ಇಲ್ಲ. ಒಂದು ಸಲದ ಮುಟ್ಟಿನಲ್ಲಿ ಹೋಗುವ ರಕ್ತ ಹೆಚ್ಚಿನವರಿಗೆ 30ರಿಂದ 40 ಮಿಲಿ. ನಮ್ಮ ಕಾಫಿ ಲೋಟದ ಅರ್ಧವೂ ಇಲ್ಲ.

ಅತ್ತಿಗೆ: ಹಾಗಾದರೆ ಮಾತ್ರೆ ಏನು ಮಾಡುತ್ತದೆ? ನಾನೂ ಒಂದು ಸಲ ತೊಗೊಂಡಿದ್ದೆ, ಏನು ಅಂತ ಯಾರೂ ಹೇಳಿರಲಿಲ್ಲ.

ನಾನು: ಗರ್ಭಕೋಶದ ಒಳಗೋಡೆಗೆ ಪ್ರತಿ ತಿಂಗಳು ಒಂದು ಹೊಸ ಪದರ ಬೆಳೆಯುತ್ತದೆ. ಅದನ್ನು ಬೆಳೆಸುವುದು ಈಸ್ಟ್ರೋಜನ್ ಎಂಬ ಹಾರ್ಮೋನ್. ಅಂಡ ಬಿಡುಗಡೆಯಾದ ಮೇಲೆ ಅದನ್ನು ಬೀಳದಂತೆ ಹಿಡಿದುಕೊಳ್ಳುವುದು ಪ್ರೊಜೆಸ್ಟೆರೋನ್. ಅಂಡ ಹೊರಟ ಜಾಗದಲ್ಲಿ ಒಂದು ಹಳದಿ ಗಂಟು ಆಗುತ್ತದೆ. ಅದರ ಹೆಸರು ಕಾರ್ಪಸ್ ಲೂಟಿಯಂ, ಪ್ರೊಜೆಸ್ಟೆರೋನ್ ಬರುವುದು ಅಲ್ಲಿಂದ. ಅದರ ಆಯಸ್ಸು ಸುಮಾರು 14 ದಿನ. ಬಸಿರಾಗಿದ್ದರೆ ಮಗುವಿನ ಕಡೆಯಿಂದ ಎಚ್‌ಸಿಜಿ ಎಂಬ ಇನ್ನೊಂದು ಹಾರ್ಮೋನ್ ಬಂದು ಆ ಗಂಟನ್ನು ಉಳಿಸುತ್ತದೆ. ಮನೆಯಲ್ಲಿ ಮಾಡುವ ಪ್ರೆಗ್ನೆನ್ಸಿ ಟೆಸ್ಟ್ ಹುಡುಕುವುದು ಆ ಎಚ್‌ಸಿಜಿಯನ್ನೇ. ಬಸಿರಾಗದಿದ್ದರೆ ಗಂಟು ಒಣಗುತ್ತದೆ, ಪ್ರೊಜೆಸ್ಟೆರೋನ್ ಇಳಿಯುತ್ತದೆ, ಪದರ ಕಳಚುತ್ತದೆ. ಅದೇ ಮುಟ್ಟು.

ನಾನು: ಈ ಮಾತ್ರೆ ಪ್ರೊಜೆಸ್ಟೆರೋನ್ ಕೆಲಸ ಮಾಡುವ ಔಷಧಿ. ಗಂಟು ಒಣಗಿದರೂ ಹಿಡಿದಿಟ್ಟುಕೋ ಅಂತ ಪದರಕ್ಕೆ ಹೇಳುತ್ತಾ ಇರುತ್ತದೆ. ಮಾತ್ರೆ ನಿಲ್ಲಿಸಿದ ಎರಡು ಮೂರು ದಿನಕ್ಕೆ ಹಿಡಿತ ಬಿಡುತ್ತದೆ, ಮುಟ್ಟು ಬರುತ್ತದೆ. ಮಾವ, ಇದರಿಂದ ಗಡ್ಡೆಯಾಗಿ ಮಕ್ಕಳಾಗುವುದಿಲ್ಲ ಅನ್ನುವುದು ನಿಜವಲ್ಲ. ನಿಲ್ಲಿಸಿದ ಮೇಲೆ ಚಕ್ರ ಮತ್ತೆ ತನ್ನ ದಾರಿಗೆ ಬರುತ್ತದೆ. ಆ ಹೆದರಿಕೆಯನ್ನು ಯಾರ ತಲೆಗೂ ತುಂಬಬೇಡಿ.

ದೊಡ್ಡಮ್ಮ: ಅಂದರೆ ತೊಗೋಬಹುದು ಅಂತ ಆಯಿತಲ್ಲ. ಮತ್ತೆ ಬೇಡ ಅಂತ ಯಾಕೆ ಹೇಳುತ್ತಿದ್ದೀಯ?

ನಾನು: ದೊಡ್ಡಮ್ಮ, ಪುಟ್ಟಿಗೆ ಬೇಡ ಅಂತ ಹೇಳುತ್ತಿದ್ದೇನೆ. ಡಾಕ್ಟರನ್ನು ಕೇಳದೆ ಯಾರಿಗೂ ಬೇಡ ಅಂತಲೂ ಹೇಳುತ್ತಿದ್ದೇನೆ. ಎರಡಕ್ಕೂ ಕಾರಣ ಬೇರೆ ಬೇರೆ. ಮೊದಲು ಪುಟ್ಟಿ ವಿಷಯ. ಮಾವ, ನಮ್ಮ ಊರ ಕೆರೆಯ ನೀರುಗಂಟಿ ನೆನಪಿದ್ದಾರಲ್ಲ?

ಮಾವ: ನೆನಪಿಲ್ಲದೆ ಏನು. ಏರಿ ಮೇಲೆ ಕೂತಿರುತ್ತಿದ್ದರು. ಅವರು ತೂಬು ಎತ್ತದೆ ಯಾರ ಗದ್ದೆಗೂ ನೀರಿಲ್ಲ.

ನಾನು: ಗದ್ದೆ ತುಂಬಿತು ಅಂತ ಸುದ್ದಿ ಹೋದರೆ ತೂಬು ಇಳಿಸುತ್ತಿದ್ದರು ಅಲ್ವಾ? ನಮ್ಮ ತಲೆಯೊಳಗೂ ಅಂಥ ನೀರುಗಂಟಿ ಇದೆ, ಹೈಪೋಥಲಾಮಸ್ ಅಂತ. ಅದು ಒಂದೇ ಸಮ ಬಿಡುವುದಿಲ್ಲ. ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ ಒಂದಿಷ್ಟು ಜಿಎನ್‌ಆರ್‌ಎಚ್ ಹಾರ್ಮೋನ್ ಬಿಟ್ಟು ಸುಮ್ಮನಾಗುತ್ತದೆ. ಅದರ ಕೆಳಗೆ ಬಟಾಣಿ ಕಾಳಿನಷ್ಟು ಪಿಟ್ಯುಟರಿ ಗ್ರಂಥಿ. ಜಿಎನ್‌ಆರ್‌ಎಚ್ ಬಂದಾಗ ಅದು ಎಫ್‌ಎಸ್‌ಎಚ್, ಎಲ್‌ಎಚ್ ಅನ್ನುವ ಎರಡು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅವು ಅಂಡಾಶಯಕ್ಕೆ ಹೋಗಿ ಅಂಡ ಬೆಳೆಸುತ್ತವೆ, ಈಸ್ಟ್ರೋಜನ್ ಬರಿಸುತ್ತವೆ. ಈಸ್ಟ್ರೋಜನ್ ಏರಿದ ಸುದ್ದಿ ಮೇಲಕ್ಕೆ ಹೋಗುತ್ತದೆ, ತೂಬು ಇಳಿಯುತ್ತದೆ.

ಮಾವ: ಗಂಟೆಗೊಮ್ಮೆ ಯಾಕೆ? ಒಂದೇ ಸಮ ಬಿಟ್ಟರೆ ಏನಾಗುತ್ತದೆ?

ನಾನು: ಒಳ್ಳೇ ಪ್ರಶ್ನೆ ಮಾವ. 1970ರ ದಶಕದಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಅರ್ನ್‌ಸ್ಟ್ ಕ್ನೋಬಿಲ್ ಅವರ ತಂಡ ಕೋತಿಗಳಲ್ಲಿ ಇದನ್ನೇ ನೋಡಿತು. ಎಡೆಬಿಡದೆ ಕೊಟ್ಟಾಗ ಎಫ್‌ಎಸ್‌ಎಚ್, ಎಲ್‌ಎಚ್ ಎರಡೂ ಇಳಿದುಹೋದವು. ಗಂಟೆಗೊಮ್ಮೆ ಕೊಟ್ಟಾಗ ಮತ್ತೆ ಏರಿದವು. ಎಷ್ಟು ಬಿಟ್ಟರು ಅನ್ನುವುದರ ಜೊತೆಗೆ ಯಾವ ಲಯದಲ್ಲಿ ಬಿಟ್ಟರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನನಗೆ ಈ ಪಾಠ ಮಾಡುವಾಗಲೆಲ್ಲ ಮೈ ಜುಮ್ ಅನ್ನುತ್ತದೆ.

ನಾನು: ಈಗ ಮುಖ್ಯ ಮಾತು. ತಿಂಗಳಿಗೆ ಒಮ್ಮೆ ಈ ಲೆಕ್ಕ ಉಲ್ಟಾ ಆಗುತ್ತದೆ. ಈಸ್ಟ್ರೋಜನ್ ತುಂಬಾ ಏರಿ ಎರಡು ದಿನ ಹಾಗೇ ನಿಂತರೆ ತೂಬು ಇಳಿಯುವುದಿಲ್ಲ, ಪೂರ್ತಿ ಎದ್ದುಬಿಡುತ್ತದೆ. ಎಲ್‌ಎಚ್ ಉಕ್ಕುತ್ತದೆ. ಆಮೇಲೆ ಸುಮಾರು 36 ಗಂಟೆಗೆ ಅಂಡ ಹೊರಬರುತ್ತದೆ. ಈ ಉಲ್ಟಾ ಲೆಕ್ಕ ಹದಕ್ಕೆ ಬರಲು ದೇಹಕ್ಕೆ ಸಮಯ ಬೇಕು. ಮೈನೆರೆದ ಮೊದಲ ಒಂದೆರಡು ವರ್ಷ ಎಷ್ಟೋ ತಿಂಗಳು ಅಂಡ ಹೊರಬರುವುದೇ ಇಲ್ಲ. ಅಂಡ ಇಲ್ಲ ಅಂದರೆ ಹಳದಿ ಗಂಟಿಲ್ಲ. ಗಂಟಿಲ್ಲ ಅಂದರೆ 14 ದಿನದ ಲೆಕ್ಕವೂ ಇಲ್ಲ. ಅದಕ್ಕೇ ಅಕ್ಕ, ಪುಟ್ಟಿಗೆ 24, 41 ಅಂತ ಬರುತ್ತಿರುವುದು. ಆ ವಯಸ್ಸಿಗೆ 21ರಿಂದ 45 ದಿನದವರೆಗೂ ಸಹಜವೇ. ಅವಳಿಗೆ ಏನೂ ಆಗಿಲ್ಲ, ಕಲಿಯುತ್ತಿದ್ದಾಳೆ ಅಷ್ಟೇ.

ಬೆಂಗಳೂರು ಅಕ್ಕ: ಅಬ್ಬಾ. ನಾನು ಪಿಸಿಓಡಿ, ಅದೇ ಅಂಡಾಶಯದ ತೊಂದರೆ ಇರಬಹುದು ಅಂತ ರಾತ್ರಿಯೆಲ್ಲ ಯೋಚಿಸುತ್ತಿದ್ದೆ.

ನಾನು: ಮೂರು ತಿಂಗಳು ಬರಲೇ ಇಲ್ಲ ಅಂದರೆ ತೋರಿಸು. ಈಗ ಬೇಡ. ಈ ಮಾತ್ರೆಯನ್ನು ಮುಟ್ಟು ಬರುವ 3 ದಿನ ಮೊದಲು ಶುರು ಮಾಡಬೇಕು ಅನ್ನುತ್ತಾರೆ. ಪುಟ್ಟಿಗೆ ಆ 3 ದಿನ ಯಾವುದು ಅಂತ ಅವಳ ದೇಹಕ್ಕೇ ಇನ್ನೂ ಗೊತ್ತಿಲ್ಲ. ನೀನು 9 ದಿನ ಮೊದಲೇ ಕೊಡುತ್ತೀಯ, ಹಬ್ಬ ಮುಗಿಯುವವರೆಗೂ ಕೊಡುತ್ತೀಯ. ಈಗಷ್ಟೇ ಲಯ ಕಲಿಯುತ್ತಿರುವ ನೀರುಗಂಟಿಗೆ ಹೊರಗಿನಿಂದ ನಾವು ಬೇರೆ ಸುದ್ದಿ ಕಳಿಸಿದ ಹಾಗೆ. ಇಷ್ಟಾದರೂ ನಡುವೆ ರಕ್ತ ಬರುವುದಿಲ್ಲ ಅಂತ ಹೇಳಲು ಆಗುವುದಿಲ್ಲ.

ತಮ್ಮ: ಅಕ್ಕ, ಮಾವ ಇದು ಹೆಂಗಸರ ವಿಷಯ ಅಂದರು. ಎಫ್‌ಎಸ್‌ಎಚ್, ಎಲ್‌ಎಚ್ ಗಂಡಸರಲ್ಲೂ ಇರುತ್ತದೆ ಅಂತ ನೀನೇ ಪಾಠ ಮಾಡಿದ್ದೆಯಲ್ಲ?

ನಾನು: ಅವೇ ಎರಡು ಹಾರ್ಮೋನ್. ಅದೇ ನೀರುಗಂಟಿ. ಗಂಡಸರಲ್ಲಿ ಎಲ್‌ಎಚ್ ವೃಷಣದಲ್ಲಿ ಟೆಸ್ಟೋಸ್ಟೆರೋನ್ ಬರಿಸುತ್ತದೆ, ಎಫ್‌ಎಸ್‌ಎಚ್ ವೀರ್ಯಾಣು ಬೆಳೆಸಲು ನೆರವಾಗುತ್ತದೆ. ಜಿಮ್‌ನಲ್ಲಿ ಮೈ ಬರಲಿ ಅಂತ ಟೆಸ್ಟೋಸ್ಟೆರೋನ್ ಚುಚ್ಚಿಸಿಕೊಂಡರೆ ಏನಾಗುತ್ತದೆ? ಮೇಲಿನವನಿಗೆ ಗದ್ದೆ ತುಂಬಿದೆ ಅಂತ ಸುದ್ದಿ ಹೋಗುತ್ತದೆ. ತೂಬು ಇಳಿಯುತ್ತದೆ. ವೀರ್ಯಾಣು ಕಡಿಮೆಯಾಗುತ್ತಾ ಹೋಗುತ್ತದೆ, ಕೆಲವರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು. ನಿನ್ನ ಜಿಮ್ ಗೆಳೆಯರಿಗೂ ಇದನ್ನು ಹೇಳು.

ತಮ್ಮ: ಹೇಳುತ್ತೇನೆ. ಒಬ್ಬನಿಗೆ ಈಗಲೇ ಹೇಳಬೇಕು.

ಮಾವ: ಸರಿ, ನಾನು ಆ ಮಾತು ವಾಪಸ್ ತೊಗೊಂಡೆ. ಆದರೆ ಇಂಗ್ಲಿಷ್ ಔಷಧಿ ಅಂದರೆ ಕೆಮಿಕಲ್ಲು. ಗಿಡಮೂಲಿಕೆಯದ್ದು ಯಾವುದಾದರೂ ಇದ್ದರೆ ಮಗುವಿಗೂ ಕೊಡಬಹುದಲ್ಲ?

ನಾನು: ಮಾವ, ಇದರ ಮೂಲವೇ ಒಂದು ಕಾಡುಗೆಣಸು. ಪ್ರೊಜೆಸ್ಟೆರೋನನ್ನು ಹಾಗೇ ನುಂಗಿದರೆ ಹೊಟ್ಟೆ, ಲಿವರ್ ದಾಟುವಷ್ಟರಲ್ಲಿ ಹೆಚ್ಚಿನದು ಹಾಳಾಗುತ್ತದೆ. ನುಂಗಿದರೂ ಕೆಲಸ ಮಾಡುವಂಥದ್ದು ಬೇಕಿತ್ತು. ಮೆಕ್ಸಿಕೋದ ಕಾಡುಗೆಣಸಿನಿಂದ ತೆಗೆದ ವಸ್ತುವನ್ನೇ ಮಾರ್ಪಡಿಸುತ್ತಾ 1951ರ ಅಕ್ಟೋಬರ್ 15ರಂದು ಮೆಕ್ಸಿಕೋ ನಗರದ ಸಿಂಟೆಕ್ಸ್ ಪ್ರಯೋಗಾಲಯದಲ್ಲಿ ನಾರೆಥಿಸ್ಟೆರೋನ್ ಮಾಡಿದರು. ಕಾರ್ಲ್ ಜೆರಾಸಿ, ಜಾರ್ಜ್ ರೋಸೆನ್‌ಕ್ರಾಂಜ್ ಅವರ ತಂಡ. ಕೈಯಾರೆ ಮಾಡಿದ್ದು ಲೂಯಿಸ್ ಮಿರಾಮೊಂಟೆಸ್ ಎಂಬ ಎಳೆ ವಯಸ್ಸಿನ ವಿದ್ಯಾರ್ಥಿ. ಗಿಡದಿಂದ ಬಂತು ಅಂದ ಮಾತ್ರಕ್ಕೆ ಮೈಗೆ ಮೆತ್ತಗೆ ಅಂತಲ್ಲ.

ದೊಡ್ಡಮ್ಮ: ಇಷ್ಟೆಲ್ಲ ಗೊತ್ತಿದ್ದವಳು ನಿನ್ನ ಗೃಹಪ್ರವೇಶಕ್ಕೆ ನೀನು ತೊಗೊಳ್ಳಲಿಲ್ಲವಾ? ನಾನೇ ನೋಡಿದ್ದೇನೆ.

ಇದಕ್ಕೆ ಉತ್ತರ ಬರೆಯಲು ನನಗೆ ಐದು ನಿಮಿಷ ಬೇಕಾಯಿತು. ದೊಡ್ಡಮ್ಮ ಹೇಳಿದ್ದು ನಿಜ.

ನಾನು: ತೊಗೊಂಡಿದ್ದೆ ದೊಡ್ಡಮ್ಮ. 2011ರಲ್ಲಿ. ಅಂಗಡಿಯಲ್ಲಿ ಕೇಳಿದೆ, ಕೊಟ್ಟರು. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ ಅದು. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ಮೈಗ್ರೇನ್ ಇದೆ. ತಲೆನೋವಿಗೆ ಮೊದಲು ಕಣ್ಣ ಮುಂದೆ ಗರಗಸದ ಹಲ್ಲಿನ ಹಾಗೆ ಬೆಳಕು ಕುಣಿಯುತ್ತದೆ. ಪೂಜೆ ಆದ ದಿನ ಸಂಜೆ ಬಂದ ತಲೆನೋವು, ವಾಂತಿ ನನಗೆ ಮಾತ್ರ ಗೊತ್ತು. ಎರಡು ವರ್ಷ ಆದ ಮೇಲೆ ಬೇರೆ ವಿಷಯಕ್ಕೆ ಹೋದಾಗ ಡಾಕ್ಟರು ಹೇಳಿದರು, ಆ ಥರ ಬೆಳಕು ಕಾಣುವ ಮೈಗ್ರೇನ್ ಇದ್ದವರು ಇಂಥ ಮಾತ್ರೆಗೆ ಮೊದಲು ಕೇಳಲೇಬೇಕು ಅಂತ. ಜೀವಶಾಸ್ತ್ರ ಓದಿದ ನನಗೇ ಅದು ಹೊಳೆದಿರಲಿಲ್ಲ.

ಬೆಂಗಳೂರು ಅಕ್ಕ: ಯಾಕೆ? ತಲೆನೋವಿಗೂ ಮುಟ್ಟಿಗೂ ಏನು ಸಂಬಂಧ?

ನಾನು: ಸಂಬಂಧ ಇರುವುದು ರಕ್ತಕ್ಕೆ. ಈ ಔಷಧಿಯ ಒಂದು ಸಣ್ಣ ಭಾಗ ದೇಹದೊಳಗೆ ಎಥಿನೈಲ್ ಈಸ್ಟ್ರಡಯಾಲ್ ಎಂಬ ಒಂದು ಬಗೆಯ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಬಸಿರು ತಡೆಯುವ ಹೆಚ್ಚಿನ ಮಾತ್ರೆಗಳಲ್ಲಿ ಇರುವುದೂ ಅದೇ. ಅದು ರಕ್ತ ಹೆಪ್ಪುಗಟ್ಟುವ ಗುಣವನ್ನು ಸ್ವಲ್ಪ ಜಾಸ್ತಿ ಮಾಡುತ್ತದೆ. ಆರೋಗ್ಯವಾಗಿರುವ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ದೊಡ್ಡಮ್ಮ ಹೇಳುವ ಹಾಗೆ ಎಷ್ಟೋ ಜನ ತಿಂದು ಚೆನ್ನಾಗಿದ್ದಾರೆ. ಆದರೆ ಕೆಲವರಿಗೆ ಅಪಾಯ. ಅದಕ್ಕೇ ಡಾಕ್ಟರು ಕೇಳುತ್ತಾರೆ: ಇಂಥ ಮೈಗ್ರೇನ್ ಇದೆಯಾ, ಸಿಗರೇಟು, ತೂಕ ಜಾಸ್ತಿಯಾ, ಲಿವರ್ ತೊಂದರೆ, ಈಚೆಗೆ ಆಪರೇಷನ್, ಉದ್ದ ಪ್ರಯಾಣ ಇದೆಯಾ. ಮುಖ್ಯವಾಗಿ ನಿಮಗೋ ತಾಯಿ, ಅಕ್ಕತಂಗಿಗೋ ಯಾವತ್ತಾದರೂ ಕಾಲಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತಾ ಅಂತ. ಇನ್ನೊಂದು, ಹೀಗೆ ನಾಲ್ಕು ದಿನ ತೊಗೊಂಡರೆ ಬಸಿರು ತಡೆಯುತ್ತದೆ ಅಂತ ಯಾರೂ ನಂಬಬೇಡಿ.

ಬೆಂಗಳೂರು ಅಕ್ಕ: ನಮ್ಮ ಮನೆಯಲ್ಲಿ ಹಾಗೆ ಯಾರಿಗೂ ಇಲ್ಲವಲ್ಲ. ಪುಟ್ಟಿಗೆ ಬೇಡ, ಒಪ್ಪಿದೆ. ನಾನು ತೊಗೋಬಹುದಾ?

ಅತ್ತಿಗೆ: ನಮ್ಮ ತವರಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಶರಣರು ಐದು ಸೂತಕ ಇಲ್ಲ ಅಂದರು. ಅದರಲ್ಲಿ ರಜಸ್ಸೂತಕವೂ ಒಂದು. ನಮ್ಮ ಅವ್ವ ಆ ದಿನಗಳಲ್ಲೂ ಇಷ್ಟಲಿಂಗ ಪೂಜೆ ಬಿಟ್ಟವರಲ್ಲ. ಇಲ್ಲಿಗೆ ಬಂದ ಮೇಲೆ ಮನೆಯವರಿಗೆ ಬೇಜಾರಾಗಬಾರದು ಅಂತ ನಾನು ಮಾತ್ರೆ ತೊಗೊಂಡೆ.

ದೊಡ್ಡಮ್ಮ: ನಿಮ್ಮ ಮನೆ ಪದ್ಧತಿ ನಿಮಗೆ. ನಮ್ಮದು ನಮಗೆ. ನಾನು ಯಾವತ್ತೂ ನಿನ್ನನ್ನು ಒತ್ತಾಯ ಮಾಡಿಲ್ಲ.

ಅತ್ತಿಗೆ: ಒತ್ತಾಯ ಮಾಡಿಲ್ಲ ಅತ್ತೆ, ನಿಜ. ನಾನು ಹೇಳಲು ಹೊರಟಿದ್ದು ಬೇರೆ. ನಮ್ಮ ಮದುವೆ ಆದ ವಾರದಲ್ಲೇ ನೀವು ಆಸ್ಪತ್ರೆಯಲ್ಲಿ ಇದ್ದಿರಿ. ಎಡಗಾಲು ಊದಿಕೊಂಡಿತ್ತು. ನಾನೇ ಊಟ ತಂದುಕೊಡುತ್ತಿದ್ದೆ. ಮದುವೆ ಓಡಾಟದ ಸುಸ್ತು ಅಂತ ಎಲ್ಲರಿಗೂ ಹೇಳಿದ್ದರು. ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದರು. ಸುಸ್ತಿಗೆ ಹೊಟ್ಟೆಗೆ ಯಾಕೆ ಚುಚ್ಚುತ್ತಾರೆ ಅಂತ ನನಗೆ ಇವತ್ತಿಗೂ ಅನುಮಾನ.

ಆಮೇಲೆ ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ದೊಡ್ಡಮ್ಮ ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತಿತ್ತು, ನಿಲ್ಲುತ್ತಿತ್ತು.

ದೊಡ್ಡಮ್ಮ: 2004. ನನಗೆ ಆಗ 46. ಮಗನ ಮದುವೆ, ದೇವರ ಸಮಾರಾಧನೆ, ಬೀಗರ ಔತಣ ಎಲ್ಲ ಮುಗಿಯಲಿ ಅಂತ 15 ದಿನ ಮಾತ್ರೆ ತೊಗೊಂಡಿದ್ದೆ. ಆಮೇಲೆ ರಾತ್ರಿ ಬಸ್ಸಿನಲ್ಲಿ ತಿರುಪತಿಗೆ ಹೋಗಿ ಬಂದೆವು. ಬಂದ ಮಾರನೇ ದಿನ ಕಾಲು ನೆಲಕ್ಕೆ ಇಡಲು ಆಗಲಿಲ್ಲ. ರಕ್ತ ಹೆಪ್ಪುಗಟ್ಟಿದೆ ಅಂದರು. 8 ದಿನ ಇಟ್ಟುಕೊಂಡರು. ಆರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ, ಪದೇ ಪದೇ ರಕ್ತ ಪರೀಕ್ಷೆ. ಹೊಸ ಸೊಸೆ ಬಂದ ಗಳಿಗೆಗೆ ಕೆಟ್ಟ ಹೆಸರು ಬರಬಾರದು ಅಂತ ನಿಮ್ಮ ದೊಡ್ಡಪ್ಪ ಯಾರಿಗೂ ಹೇಳಬೇಡ ಅಂದರು.

ಅತ್ತಿಗೆ: ಅತ್ತೆ, 15 ದಿನ ನಾನು ಬಿಸಿನೀರಿನ ಶಾಖ ಕೊಟ್ಟೆನಲ್ಲ. ನನಗಾದರೂ ಹೇಳಬಾರದಿತ್ತಾ?

ಬೆಂಗಳೂರು ಅಕ್ಕ: ಅಮ್ಮಾ. ಎರಡು ಬಾಣಂತನ ಮಾಡಿಸಿಕೊಂಡೆ ನಾನು. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತಾ ಅಂತ ಎರಡು ಸಲವೂ ಕೇಳಿದ್ದರು. ಇಲ್ಲ ಅಂತ ಬರೆಸಿದೆ.

ದೊಡ್ಡಮ್ಮ: ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು? ನಿಂತು ನಿಂತು ಆಯಿತು ಅಂದುಕೊಂಡಿದ್ದೆ.

ನಾನು: ದೊಡ್ಡಮ್ಮ, ನಿಮ್ಮ ತಪ್ಪು ಅಂತ ಯಾರೂ ಹೇಳುತ್ತಿಲ್ಲ. ಮಾತ್ರೆಯಿಂದಲೇ ಆಯಿತು ಅಂತ ನಾನೂ ಹೇಳಲಾರೆ. ರಾತ್ರಿಯೆಲ್ಲ ಕೂತ ಪ್ರಯಾಣವೂ ಇತ್ತು, ವಯಸ್ಸೂ ಇತ್ತು. ಆದರೆ ಈಗ ಅಕ್ಕನ ಪ್ರಶ್ನೆಗೆ ಉತ್ತರ ಬದಲಾಯಿತು. ಅಕ್ಕ, ನಿನ್ನ ತಾಯಿಗೆ ಆಗಿದೆ ಅಂದರೆ ನೀನು ಆ ಶೀಟು ಮುಟ್ಟಬೇಡ. ಡಾಕ್ಟರಿಗೆ ಇದನ್ನು ಹೇಳು. ಪುಟ್ಟಿಯ ಚೀಟಿಯಲ್ಲೂ ಇದು ಇರಬೇಕು, ಅವಳು ಮುಂದೆ ಯಾವ ಹಾರ್ಮೋನ್ ಮಾತ್ರೆ ತೊಗೊಂಡರೂ ಬೇಕಾಗುತ್ತದೆ. ನನ್ನ ಅಮ್ಮನೂ ನಿಮ್ಮ ತಂಗಿ. ನಾನೂ ನನ್ನ ಡಾಕ್ಟರಿಗೆ ಹೇಳುತ್ತೇನೆ.

ಮಾವ: ಅಕ್ಕ, ನನ್ನ ಮಗಳಿಗೂ ಹೇಳುತ್ತೇನೆ. ಅವಳು ಕೆನಡಾದಲ್ಲಿ ಅದೇನೋ ಮಾತ್ರೆ ತೊಗೊಳ್ಳುತ್ತಾಳೆ ಅಂತ ಅವಳ ತಾಯಿ ಹೇಳಿದ ನೆನಪು.

ಬೆಂಗಳೂರು ಅಕ್ಕ: ಪುಟ್ಟಿ ಪಕ್ಕದಲ್ಲೇ ಇದ್ದಾಳೆ. ಎಲ್ಲ ಓದಿದಳು. ಮಾತ್ರೆ ವಿಷಯ ನನ್ನನ್ನು ಯಾರೂ ಕೇಳಲೇ ಇಲ್ಲ ಅನ್ನುತ್ತಿದ್ದಾಳೆ. ಆ ದಿನವೇ ಬಂದರೆ ಹಾಡಬಹುದಾ ಅಂತ ಅಜ್ಜಿಯನ್ನು ಕೇಳು ಅನ್ನುತ್ತಿದ್ದಾಳೆ.

ದೊಡ್ಡಮ್ಮ: ಹಾಡುವುದಕ್ಕೆ ಏನು? ಹಾಲ್‌ನಲ್ಲಿ ಕೂತು ಹಾಡಲಿ. ಪೂಜೆ ಹತ್ತಿರ ಬರುವುದಕ್ಕೆ ನಾನು ಇನ್ನೂ ಒಪ್ಪಿಲ್ಲ.

ಅತ್ತಿಗೆ: ಅತ್ತೆ, ನಾವು ಗೌರಿ ಕೂರಿಸುವುದೇ ಹಾಲ್‌ನಲ್ಲಿ.

ದೊಡ್ಡಮ್ಮ: ಅದನ್ನು ನಾಳೆ ಮಾತಾಡೋಣ. ಹಳೇ ಫೈಲು ಟ್ರಂಕಿನಲ್ಲಿ ಇದೆ. ತೆಗೆಯುತ್ತೇನೆ ಇರಿ.

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಫೋಟೋ ಬಂತು. ಡಿಸ್ಚಾರ್ಜ್ ಹಾಳೆ, ಮಡಿಕೆಯಲ್ಲಿ ಹರಿದಿತ್ತು. ಎಡಗಾಲಿನ ಆಳದ ರಕ್ತನಾಳದಲ್ಲಿ ಹೆಪ್ಪು ಅಂತ ಮೇಲೆ ಬರೆದಿತ್ತು. ಅದರ ಕೆಳಗೆ, ಈ ಮೊದಲು ತೆಗೆದುಕೊಳ್ಳುತ್ತಿದ್ದ ಔಷಧಿ ಅನ್ನುವ ಕಡೆ, ಯಾವುದೂ ಇಲ್ಲ ಅಂತ ಇತ್ತು.

ನಾನು: ದೊಡ್ಡಮ್ಮ, ಮಾತ್ರೆ ವಿಷಯ ಅವರು ಕೇಳಲಿಲ್ಲವಾ?

ದೊಡ್ಡಮ್ಮ: ಕೇಳಿದರು. ಗಂಡಸು ಡಾಕ್ಟರು. ನನಗೆ ನಾಚಿಕೆ ಆಯಿತು. ಇಲ್ಲ ಅಂದೆ.